ಕಿರುಚಿತ್ರದ ಫೈಟ್ ಯಾಕೆ ಅಷ್ಟು ಹಿಡಿಸುತ್ತದೆ? ನಮ್ಮದು ಯಾಕೆ ಹಿಡಿಸಲಿಲ್ಲ?

ಅರೆಬೆಲ್ಟ್_ಗಿರಿನಗರ

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ನಾವು ನಾಲ್ಕು ಜನ ಸ್ಕೂಲ್ ದಿನಗಳಿಂದ ಒಂದೇ ಕರಾಟೆ ಕ್ಲಾಸಿಗೆ ಹೋದವರು. ಇಬ್ಬರು ಬ್ಲ್ಯಾಕ್ ಬೆಲ್ಟ್ ತನಕ ಹೋದರು, ನಾನು ಬ್ರೌನ್‌ನಲ್ಲೇ ನಿಂತೆ, ನಾಲ್ಕನೆಯವನು ಪಿಯುಸಿ ಟ್ಯೂಷನ್ ಅಂತ ಹಸಿರು ಬೆಲ್ಟಿಗೇ ಬಿಟ್ಟ. ಈ ಬೇಸಿಗೆಯಲ್ಲಿ ಸೇರಿಕೊಂಡು ಒಂದು ಕಿರುಚಿತ್ರ ಮಾಡಿದೆವು. 9 ನಿಮಿಷ. ಕಥೆ ದೊಡ್ಡದೇನಲ್ಲ. ಸಾಲ ತೀರಿಸದ ಒಬ್ಬ, ಕೇಳಲು ಬಂದ ಹಳೇ ಗೆಳೆಯ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಮಾತಿಗೆ ಮಾತು ಬೆಳೆದು ಹೊಡೆದಾಟ. ಅದರಲ್ಲಿ 3 ನಿಮಿಷ ಬರೀ ಫೈಟ್. ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದೇವೆ. ಸ್ಪಿನ್ನಿಂಗ್ ಕಿಕ್ ಇದೆ, ಕಂಬಕ್ಕೆ ಕಾಲು ಕೊಟ್ಟು ತಿರುಗುವುದಿದೆ, ಎಲ್ಲಾ ಇದೆ. ಎಡಿಟ್ ಮಾಡಿದ ಮೇಲೆ ಎಣಿಸಿದೆ, ಫೈಟ್‌ನಲ್ಲೇ 86 ಕಟ್.

ಹೋದ ಶನಿವಾರ ನಮ್ಮ ಮನೆ ತಾರಸಿಯಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು, ಮೂವತ್ತು ಜನಕ್ಕೆ ತೋರಿಸಿದೆವು. ಚುರುಮುರಿ ಎಲ್ಲಾ ಮಾಡಿಸಿದ್ದೆ. ಮಾತು ಇರುವಷ್ಟು ಹೊತ್ತು ಎಲ್ಲರೂ ನೋಡಿದರು. ಫೈಟ್ ಶುರುವಾಗಿ ಅರ್ಧ ನಿಮಿಷಕ್ಕೆ ಒಬ್ಬೊಬ್ಬರ ಮುಖಕ್ಕೂ ಮೊಬೈಲ್ ಬೆಳಕು ಬಿತ್ತು. ನಾನು ಹಿಂದೆ ನಿಂತಿದ್ದೆ, ಎಲ್ಲಾ ಕಾಣಿಸುತ್ತಿತ್ತು. ಹೊಟ್ಟೆ ಉರಿಯಿತು.

ವಿಚಿತ್ರ ಏನೆಂದರೆ ಒಂದೇ ಒಂದು ಜಾಗದಲ್ಲಿ ಎಲ್ಲರೂ ಒಟ್ಟಿಗೆ "ಅಯ್ಯೋ" ಅಂದರು. ನಾವು ಬೇಕೆಂದು ಮಾಡಿದ್ದಲ್ಲ ಅದು. ಶೂಟಿಂಗ್ ದಿನ ಬೆಳಗ್ಗೆ ಯಾರೋ ಕಾರು ತೊಳೆದಿದ್ದರು, ನೆಲ ಒದ್ದೆ. ನಮ್ಮ ಹಸಿರು ಬೆಲ್ಟಿನವನು ಹಿಂದೆ ಸರಿಯಲು ಹೋಗಿ ಜಾರಿದ, ಒಂದು ಕೈ ಊರಿಕೊಂಡ, ಹಾಗೇ ಎದ್ದು ಮತ್ತೆ ಗಾರ್ಡ್ ಹಿಡಿದ. ಆ ಕೈ ಮಾತ್ರ ಒಂದು ಸಲ ಪ್ಯಾಂಟಿಗೆ ಒರೆಸಿಕೊಂಡ. ಬೇರೆ ಟೇಕ್ ಇಲ್ಲದ್ದಕ್ಕೆ ಅದನ್ನೇ ಉಳಿಸಿಕೊಂಡೆವು. ಸಿನಿಮಾ ಮುಗಿದ ಮೇಲೆ ನಮ್ಮ ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಆ ಹುಡುಗನಿಗೆ ಕೈಗೆ ಪೆಟ್ಟಾಯ್ತೇನೋ?" ಸ್ಪಿನ್ನಿಂಗ್ ಕಿಕ್ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ನನ್ನ ಪ್ರಶ್ನೆ ಇದು. ರಾತ್ರಿ ಮಲಗುವ ಮುಂಚೆ ನಾನೇ ಇಂಥ ಕಿರುಚಿತ್ರಗಳನ್ನು ಒಂದಾದ ಮೇಲೊಂದು ನೋಡುತ್ತೇನೆ. ಒಂದು ರೂಮು, ಇಬ್ಬರು, ಆರು ನಿಮಿಷ, ಮಾತೇ ಇಲ್ಲ. ಯಾವ ಭಾಷೆಯವರು ಅಂತಾನೂ ಗೊತ್ತಿರುವುದಿಲ್ಲ. ಆದರೂ ಕಣ್ಣು ತೆಗೆಯಲಾಗುವುದಿಲ್ಲ. ಅದೇ ಮೂರು ಗಂಟೆಯ ದೊಡ್ಡ ಸಿನಿಮಾದಲ್ಲಿ ನಾಲ್ಕನೇ ಫೈಟ್ ಬಂದಾಗ ಪಾಪ್‌ಕಾರ್ನ್ ತರಲು ಎದ್ದು ಹೋಗುತ್ತೇನೆ. ಯಾಕೆ ಹೀಗೆ? ಆ ಆರು ನಿಮಿಷದಲ್ಲಿ ಇರುವುದು ಏನು, ನಮ್ಮ ಮೂರು ನಿಮಿಷದಲ್ಲಿ ಇಲ್ಲದ್ದು?

ಬನಶಂಕರಿ_2ನೇ_ಹಂತ

ಲಿಂಕ್ ಹಾಕು ಗುರು, ಸುಮ್ನೆ ಕಥೆ ಹೇಳಬೇಡ.

ಅರೆಬೆಲ್ಟ್_ಗಿರಿನಗರ

ಡ್ರೈವ್ ಲಿಂಕ್ ಮೆಸೇಜ್ ಮಾಡುತ್ತೇನೆ, ಬೇಕಾದವರು ಕೇಳಿ. ಎಲ್ಲರೆದುರು ಹಾಕುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಕತ್ತರಿ_ಮಂಜ

ನೋಡಿದೆ. ಎಡಿಟಿಂಗ್ ನನ್ನ ಹೊಟ್ಟೆಪಾಡು, ಅದಕ್ಕೆ ನೇರ ಹೇಳುತ್ತೇನೆ, ಬೇಜಾರಾಗಬೇಡ.

86 ಕಟ್ ಅಂದರೆ ಸರಾಸರಿ ಎರಡು ಸೆಕೆಂಡಿಗೆ ಒಂದು. ಲೆಕ್ಕ ಜಾಸ್ತಿ ಆಯಿತು ಅಂತ ನಾನು ಹೇಳುತ್ತಿಲ್ಲ, ಹಾಂಗ್‌ಕಾಂಗ್‌ನವರು ಇದಕ್ಕಿಂತ ಜಾಸ್ತಿ ಕತ್ತರಿಸಿದ್ದಾರೆ. ನೀನು ಎಲ್ಲಿ ಕತ್ತರಿಸಿದ್ದೀಯ ಅನ್ನುವುದು ಮುಖ್ಯ. ನಿನ್ನ ಫೈಟ್‌ನಲ್ಲಿ ಹೊಡೆಯುವವನ ಕೈ ಒಂದು ಶಾಟ್‌ನಲ್ಲಿದೆ, ಏಟು ತಿನ್ನುವವನ ಮುಖ ಇನ್ನೊಂದರಲ್ಲಿದೆ. ನಡುವೆ ಕಟ್. ಪ್ರತಿ ಸಲವೂ ಹೀಗೇ. ನೋಡುವವನ ಕಣ್ಣು ಹಳ್ಳಿ ಸಂತೆಯಲ್ಲಿ ದನ ನೋಡುವ ರೈತನ ಹಾಗೆ, ಬೇಗ ಮೋಸ ಹೋಗುವುದಿಲ್ಲ. ಮೂರು ಸಲ ಅದೇ ಜಾಗದಲ್ಲಿ ಕಟ್ ಬಂದರೆ "ಓ, ತಾಗಿಸಿಲ್ಲ" ಅಂತ ಅದಕ್ಕೆ ಗೊತ್ತಾಗುತ್ತದೆ, ಆಮೇಲೆ ಕೈ ತಾನಾಗಿ ಮೊಬೈಲ್‌ಗೆ ಹೋಗುತ್ತದೆ.

ಜಾಕಿ ಚಾನ್‌ನ 1985ರ ಪೊಲೀಸ್ ಸ್ಟೋರಿ ತೆಗೆದು ಕೊನೆಯ ಮಾಲ್ ಫೈಟ್ ಮ್ಯೂಟ್ ಮಾಡಿ ನೋಡು. ಹೊಡೆತ ಹೋಗುವುದು, ತಾಗುವುದು, ಬೀಳುವುದು ಸಾಮಾನ್ಯವಾಗಿ ಒಂದೇ ಚೌಕಟ್ಟಿನಲ್ಲಿರುತ್ತದೆ. ಕಟ್ ಮಾಡಿದಾಗಲೂ ಮುಂದಿನ ಶಾಟ್ ಎರಡು ಮೂರು ಫ್ರೇಮ್ ಹಿಂದಿನಿಂದ ಶುರುವಾಗುತ್ತದೆ, ಅಂದರೆ ಒದೆತ ತಾಗುವ ಕ್ಷಣವನ್ನು ನಾವು ಗೊತ್ತಿಲ್ಲದೆ ಎರಡು ಸಲ ನೋಡಿರುತ್ತೇವೆ. ಅದಕ್ಕೇ ಅಷ್ಟು ಗಟ್ಟಿಯಾಗಿ ತಾಗುತ್ತದೆ. ನೀನು ಉಲ್ಟಾ ಮಾಡಿದ್ದೀಯ. ತಾಗುವ ಎರಡು ಫ್ರೇಮನ್ನೇ ಎಗರಿಸಿದ್ದೀಯ, ಸ್ಪೀಡ್ ಕಾಣಲಿ ಅಂತ.

ಇನ್ನೊಂದು, ಅಲ್ಲಿ ಸುಮ್ಮನೆ ನಿಲ್ಲುವುದಿದೆ. ಡಬಡಬ ನಾಲ್ಕು ಏಟು, ಆಮೇಲೆ ಒಂದು ಕ್ಷಣ ಇಬ್ಬರೂ ಕಲ್ಲು, ಮತ್ತೆ ಡಬಡಬ. ಆ ಕಲ್ಲಾಗುವ ಕ್ಷಣದಲ್ಲಿ ನೋಡುವವನಿಗೆ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ. ನಿನ್ನದರಲ್ಲಿ 3 ನಿಮಿಷದಲ್ಲಿ ಅಂಥದ್ದು ಒಂದೇ ಸಲ ಬಂದಿದೆ. ಎಲ್ಲಿ ಹೇಳು? ಅವನು ಜಾರಿ ಎದ್ದು ಕೈ ಒರೆಸಿಕೊಂಡಲ್ಲಿ. ಆ ಶಾಟ್ ಆರು ಸೆಕೆಂಡ್ ಇದೆ, ನಿನ್ನ ಫೈಟ್‌ನಲ್ಲಿ ಅತಿ ಉದ್ದದ ಶಾಟ್ ಅದೇ. ಪಾದದಿಂದ ತಲೆಯವರೆಗೆ ಮೈ ಪೂರ್ತಿ ಕಾಣುತ್ತದೆ. ನಿಮ್ಮತ್ತೆ ಅಲ್ಲಿ "ಪೆಟ್ಟಾಯ್ತೇನೋ" ಅಂದಿದ್ದು ಬೇರೆ ಏನಕ್ಕೂ ಅಲ್ಲ, ಅಲ್ಲಿ ಮಾತ್ರ ನೀನು ಅವರಿಗೆ ನೋಡಲು ಬಿಟ್ಟಿದ್ದೆ.

ಕೆಜಿ_ರೋಡ್_ಬಾಲ್ಕನಿ

ಶುರುವಾಯಿತು ಹಾಂಗ್‌ಕಾಂಗ್ ಪುರಾಣ.

ಸ್ವಾಮಿ, ನಮ್ಮ ಜನಕ್ಕೆ ಫೈಟ್ ಹಿಡಿಸುವುದಿಲ್ಲ ಅಂತ ಯಾರು ಹೇಳಿದ್ದು? ಶುಕ್ರವಾರ ಬೆಳಗಿನ ಶೋಗೆ ಬಂದು ನೋಡಿ. ಹೀರೋ ಒಂದು ಏಟು ಕೊಟ್ಟರೆ ಎಂಟು ಜನ ಎಂಟು ದಿಕ್ಕಿಗೆ ಹಾರುತ್ತಾರೆ, ಪೇಪರ್ ಚೂರು ಹಾರುತ್ತದೆ, ಶಿಳ್ಳೆಗೆ ಕಿವಿ ಕಿತ್ತು ಹೋಗುತ್ತದೆ. ಯಾರೂ ಅಲ್ಲಿ ಫ್ರೇಮ್ ಎಣಿಸುವುದಿಲ್ಲ. ನಮ್ಮ ಫೈಟ್ ಮಾಸ್ಟರ್‌ಗಳು ಕಮ್ಮಿ ಅಂದುಕೊಂಡರಾ? ವಿಕ್ರಮ್ ಮೋರ್‌ಗೆ ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದು ಎರಡು ಸಲ, ಕೆಜಿಎಫ್ ಮೊದಲ ಭಾಗಕ್ಕೆ ಅನ್ಬರಿವ್ ಜೊತೆ, ಆಮೇಲೆ ಅವನೇ ಶ್ರೀಮನ್ನಾರಾಯಣಕ್ಕೆ ಒಬ್ಬರೇ. ಅದಕ್ಕೂ ಹಿಂದೆ ಥ್ರಿಲ್ಲರ್ ಮಂಜು ಕಾಲದಲ್ಲಿ ಮಾರ್ಷಲ್ ಆರ್ಟ್ಸ್ ಅನ್ನುವ ಪದವೇ ಮನೆಮಾತಾಗಿತ್ತು. ಶಂಕರ್‌ನಾಗ್‌ಗೆ ಕರಾಟೆ ಕಿಂಗ್ ಅಂತ ಹೆಸರಿಟ್ಟಿದ್ದು ಯಾರು, ನಾವೇ ಅಲ್ವಾ. ಇವತ್ತಿಗೂ ಆಟೋ ಹಿಂದೆ ಅವರ ಫೋಟೋ ಇದೆ.

ಕಿರುಚಿತ್ರದವರದ್ದು ಒಂದು ಥರ ಜಂಬ. ಬಜೆಟ್ ಇಲ್ಲ ಅಂತ ನೇರ ಹೇಳದೆ "ನೈಜತೆ" ಅನ್ನುತ್ತಾರೆ.

ಕತ್ತರಿ_ಮಂಜ

ಬಾಲ್ಕನಿ ಅಣ್ಣ, ನಾನೂ ಶುಕ್ರವಾರದ ಶೋ ನೋಡುವವನೇ. ಶಿಳ್ಳೆ ಹೊಡೆದಿದ್ದೇನೆ. ಆದರೆ ಒಂದು ಕೇಳುತ್ತೇನೆ. ಆ ಫೈಟ್‌ನಲ್ಲಿ ಹೀರೋ ಸೋಲಬಹುದು ಅಂತ ನಿಮಗೆ ಒಂದು ಸೆಕೆಂಡಾದರೂ ಅನ್ನಿಸಿದೆಯಾ?

ಕೆಜಿ_ರೋಡ್_ಬಾಲ್ಕನಿ

ಅನ್ನಿಸಿಲ್ಲ. ಅನ್ನಿಸಬಾರದು ಕೂಡ. ದುಡ್ಡು ಕೊಟ್ಟು ಹೋಗುವುದೇ ಅವನು ಗೆಲ್ಲುವುದನ್ನು ನೋಡಲು.

ಹಾಂ, ಸರಿ, ನೀವು ಎಲ್ಲಿಗೆ ಬರುತ್ತಿದ್ದೀರಿ ಅಂತ ಗೊತ್ತಾಯಿತು. ಕಿರುಚಿತ್ರದಲ್ಲಿ ಇಬ್ಬರ ಮುಖವೂ ಗೊತ್ತಿರುವುದಿಲ್ಲ. ಯಾರು ಹೀರೋ ಅಂತಾನೇ ಗೊತ್ತಿಲ್ಲ. ಸ್ಟಾರ್ ಇದ್ದರೆ ಮೊದಲ ಏಟಿಗೇ ರಿಸಲ್ಟ್ ಗೊತ್ತು, "ಹೇಗೆ ಹೊಡೆಯುತ್ತಾನೆ" ಅಂತ ನೋಡುತ್ತೇವೆ. ಇಲ್ಲಿ "ಯಾರು ಎದ್ದು ನಿಲ್ಲುತ್ತಾರೆ" ಅಂತ ನೋಡಬೇಕು. ಮುಖ್ಯಪಾತ್ರ ಆರನೇ ನಿಮಿಷದಲ್ಲಿ ಸತ್ತರೂ ಕೇಳುವ ಅಭಿಮಾನಿ ಸಂಘ ಇಲ್ಲ. ಇದು ಒಪ್ಪುತ್ತೇನೆ. ಇಷ್ಟೇ ಒಪ್ಪುತ್ತೇನೆ.

ನಮ್ಮಲ್ಲೂ ಹಾಗಿದ್ದದ್ದು ಒಂದಿದೆ, ಜ್ಞಾಪಕ ಬಂತು. 1978ರ ಒಂದಾನೊಂದು ಕಾಲದಲ್ಲಿ, ಕಾರ್ನಾಡರದ್ದು. ಶಂಕರ್‌ನಾಗ್ ಆಗ ಸ್ಟಾರೇ ಅಲ್ಲ, ಹೊಸ ಹುಡುಗ. ಎದುರಿಗೆ ಸುಂದರ್ ಕೃಷ್ಣ ಅರಸ್. ಇಬ್ಬರೂ ಕೂಲಿಗೆ ಕತ್ತಿ ಹಿಡಿಯುವವರು. ಮೊದಲ ಸಲ ನೋಡಿದವರಿಗೆ ಯಾರು ಉಳಿಯುತ್ತಾರೆ ಅಂತ ಎಲ್ಲಿ ಗೊತ್ತಿತ್ತು? ನನಗಂತೂ ಅದರ ಕತ್ತಿ ಶಬ್ದ ಇನ್ನೂ ಕಿವಿಯಲ್ಲಿದೆ.

ಮಟ್ಟಿ_ಮಣ್ಣು

ಮಕ್ಕಳಾ, ನನಗೆ ಅರವತ್ತು ದಾಟಿದೆ. ಮಗಳು ಈ ಫೋರಮ್ ತೋರಿಸಿಕೊಟ್ಟಳು, ಟೈಪಿಂಗ್ ನಿಧಾನ.

ನಾನು ಹುಟ್ಟಿ ಬೆಳೆದದ್ದು ಪೇಟೆ ಕಡೆ. ನಮ್ಮ ಬೀದಿಯಲ್ಲಿ ಗರಡಿ ಇತ್ತು. ಬೆಳಗ್ಗೆ ಐದಕ್ಕೆ ಹೋದರೆ ಒಳಗೆ ಕತ್ತಲೆ, ಆಂಜನೇಯನ ಪಟದ ಮುಂದೆ ಒಂದು ದೀಪ, ಕುಸ್ತಿ ಆಡುವ ಮಟ್ಟಿಯಲ್ಲಿ ಎಣ್ಣೆ ಅರಿಶಿನ ಬೆರೆತ ಕೆಮ್ಮಣ್ಣಿನ ವಾಸನೆ. ಉಸ್ತಾದರು ಆರು ತಿಂಗಳು ದಂಡೆ ಬಸ್ಕಿ ಬಿಟ್ಟರೆ ಏನೂ ಹೇಳಿಕೊಡಲಿಲ್ಲ. ಪಟ್ಟು ಆಮೇಲೆ. ಈಗ ಅಂಥ ಜಾಗ ಕಮ್ಮಿಯಾಗಿವೆ, ಕೆಲವು ಉಳಿದಿವೆ. ಕರಗದ ವೀರಕುಮಾರರನ್ನು ನೋಡಿದ್ದೀರಲ್ಲ, ಬಿಚ್ಚುಗತ್ತಿ ಹಿಡಿದು ಎದೆಗೆ ಅಲಗು ಸೇವೆ ಮಾಡುವವರು. ಅವರ ಬೆನ್ನಿಗೂ ಗರಡಿ ಮಣ್ಣೇ ಮೆತ್ತಿರುವುದು.

ನಿಮ್ಮ ವಿಡಿಯೋ ಮಗಳು ಹಾಕಿ ತೋರಿಸಿದಳು. ಹುಡುಗರು ಚೆನ್ನಾಗಿದ್ದೀರಿ, ಮೈ ಬಳುಕುತ್ತದೆ. ಆದರೆ ತಮ್ಮಾ, ಯಾರೂ ಉಸಿರೇ ಬಿಡುವುದಿಲ್ಲವಲ್ಲ? ಮೂರು ನಿಮಿಷ ಹೊಡೆದಾಡಿದವನು ಮಾತಾಡಲಾರ. ಕುಸ್ತಿಯಲ್ಲಿ ಎರಡು ನಿಮಿಷ ಒಬ್ಬ ಒಳ್ಳೆ ಜೋಡಿಯನ್ನು ಹಿಡಿದುಕೊಂಡು ನೋಡು, ಕಣ್ಣು ಕತ್ತಲೆ ಬರುತ್ತದೆ, ತೋಳು ಸೀಸದ ಹಾಗಾಗುತ್ತದೆ. ನಿಮ್ಮವರು ಕೊನೆಯಲ್ಲೂ ಮೊದಲಿನಷ್ಟೇ ಫ್ರೆಶ್ ಆಗಿ ಡೈಲಾಗ್ ಹೇಳುತ್ತಾರೆ. ಅದಕ್ಕೇ ನಂಬಿಕೆ ಬರಲಿಲ್ಲ.

ಇನ್ನೊಂದು ಹೇಳುತ್ತೇನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆಗುತ್ತದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ನಮ್ಮ ಬೆಂಗಳೂರು, ಈ ಊರುಗಳ ಜಟ್ಟಿಗಳು. ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚಾದ ನಖ ಹಾಕಿಕೊಂಡು ಇಳಿಯುತ್ತಾರೆ. ಎದುರಾಳಿಯ ತಲೆಯಲ್ಲಿ ರಕ್ತ ಕಂಡರೆ ಮುಗಿಯಿತು. ಎಷ್ಟು ಹೊತ್ತು ಅಂದುಕೊಂಡಿರಿ? ಎಷ್ಟೋ ಸಲ ನಿಮಿಷ ಕೂಡ ಆಗುವುದಿಲ್ಲ. ಆದರೆ ಜನ ಎಷ್ಟು ಹೊತ್ತಿನಿಂದ ಕಾಯುತ್ತಿರುತ್ತಾರೆ! ಅವರು ಬರುವುದು, ಮಣ್ಣು ಮುಟ್ಟುವುದು, ಒಬ್ಬರನ್ನೊಬ್ಬರು ಅಳೆಯುವುದು, ಅಷ್ಟರಲ್ಲೇ ನೋಡುವವರ ಬಾಯಿ ಒಣಗಿರುತ್ತದೆ. ಹೊಡೆತ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿ ಹೋಗುತ್ತದೆ.

ಬ್ರೂಸ್ ಲೀ ಇದನ್ನು ಬಲ್ಲ. 1972ರ ವೇ ಆಫ್ ದಿ ಡ್ರ್ಯಾಗನ್, ರೋಮ್‌ನ ಕೊಲೊಸಿಯಂ ಒಳಗೆ ಚಕ್ ನಾರಿಸ್ ಜೊತೆ. ಅದನ್ನು ನಾವು ಹುಡುಗರು ಬಸ್ ಚಾರ್ಜ್ ಉಳಿಸಿ ಕಂಟೋನ್ಮೆಂಟ್ ಕಡೆ ಹೋಗಿ ನೋಡಿದ್ದೆವು. ಇಬ್ಬರೂ ಹೊಡೆದಾಡುವ ಮುಂಚೆ ಏನು ಮಾಡುತ್ತಾರೆ ಗೊತ್ತೇ? ಮೈ ಸಡಿಲ ಮಾಡಿಕೊಳ್ಳುತ್ತಾರೆ! ಗರಡಿಯಲ್ಲಿ ನಾವು ಮಾಡಿದ ಹಾಗೇ, ಬೆರಳು ಲಟಿಕೆ ಮುರಿದುಕೊಂಡು, ಕುತ್ತಿಗೆ ತಿರುಗಿಸಿಕೊಂಡು. ನಡುವೆ ಒಂದು ಬೆಕ್ಕಿನ ಮರಿ ಕೂತು ನೋಡುತ್ತಿರುತ್ತದೆ. ಆ ಬೆಕ್ಕಿನ ಮರಿಯನ್ನು ನೋಡಿ ನಮಗೆ ಅವತ್ತು ನಗು ಬಂತು. ಈಗ ಅನ್ನಿಸುತ್ತದೆ, ಆ ಒಂದು ಫೈಟನ್ನೇ ಬೇರೆ ಮಾಡಿ ತೋರಿಸಿದರೆ ಅದೇ ಒಂದು ಕಿರುಚಿತ್ರ. ಮುಂದೆ ಹಿಂದೆ ಏನೂ ಬೇಡ.

ಜಾರಿದ ಹುಡುಗ ಕೈ ಒರೆಸಿಕೊಂಡನಲ್ಲ, ಅವನಿಗೆ ನನ್ನ ಆಶೀರ್ವಾದ ಹೇಳು. ಮಟ್ಟಿಯಲ್ಲೂ ಹಾಗೇ, ಬಿದ್ದವನು ಎದ್ದು ಮೊದಲು ಅಂಗೈ ಒರೆಸಿಕೊಳ್ಳುತ್ತಾನೆ. ಒದ್ದೆ ಕೈಯಲ್ಲಿ ಹಿಡಿತ ಸಿಗುವುದಿಲ್ಲ ಅದಕ್ಕೆ.

ಅರೆಬೆಲ್ಟ್_ಗಿರಿನಗರ

ಸರ್, ಇದನ್ನು ಅವನಿಗೆ ಓದಿ ಹೇಳಿದೆ. ಆಫೀಸಿನಿಂದ ಫೋನ್‌ನಲ್ಲೇ ಕೂಗಾಡಿದ. "ನಾನು ನೋಡು, ನ್ಯಾಚುರಲ್" ಅಂತ. ಇನ್ನು ಹಿಡಿಯಲಿಕ್ಕಾಗುವುದಿಲ್ಲ ಅವನನ್ನು.

ಚುವಡು_ಜಯನಗರ

ನಾನು ಕರಾಟೆ ಹೇಳಿಕೊಡುತ್ತೇನೆ, ಹನ್ನೊಂದು ವರ್ಷದಿಂದ ಕೇರಳದ ಕಳರಿ ಕಲಿಯುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳು ಮಾಡಿದ ಎರಡು ಕಿರುಚಿತ್ರಗಳಿಗೆ ಫೈಟ್ ಕಂಪೋಸ್ ಮಾಡಿದ್ದೇನೆ, ಎರಡೂ ಅಷ್ಟಕ್ಕಷ್ಟೆ.

ನಿಮ್ಮ ಕಷ್ಟ ಅರ್ಧ ಕರಾಟೆಯದ್ದೇ. ನಮ್ಮ ತ್ಸುಕಿ, ಅಂದರೆ ಗುದ್ದು, ಹೋಗುವುದೂ ಗೊತ್ತಾಗಬಾರದು, ವಾಪಸ್ ಬರುವುದೂ ಗೊತ್ತಾಗಬಾರದು, ಹಾಗೆ ಕಲಿಸುತ್ತೇವೆ. ಕ್ಯಾಮೆರಾಕ್ಕೆ ಅದು ಶತ್ರು. 1966ರಲ್ಲಿ ಗ್ರೀನ್ ಹಾರ್ನೆಟ್ ಧಾರಾವಾಹಿ ಮಾಡುವಾಗ ಬ್ರೂಸ್ ಲೀಗೇ "ನಿಧಾನ ಮಾಡಪ್ಪಾ, ಕಾಣಿಸುತ್ತಿಲ್ಲ" ಅಂತ ಹೇಳಬೇಕಾಯಿತಂತೆ. ಅಂಥವನಿಗೇ ಹಾಗಾದರೆ ನಾವೆಲ್ಲಿ. ಕ್ಯಾಮೆರಾಕ್ಕೆ ಹೊಡೆಯುವಾಗ ಕೈ ಹಿಂದಕ್ಕೆ ಎಳೆಯುವುದನ್ನು ದೊಡ್ಡದು ಮಾಡಬೇಕು, ತಾಗಿದ ಜಾಗದಲ್ಲಿ ಒಂದು ಕ್ಷಣ ಬಿಡಬೇಕು. ಡೋಜೋದಲ್ಲಿ, ಅಂದರೆ ಕರಾಟೆ ಕ್ಲಾಸಿನಲ್ಲಿ, ಹಾಗೆ ಮಾಡಿದರೆ ನಾನೇ ಬೈಯುತ್ತೇನೆ.

ಕಳರಿ ಈ ವಿಷಯದಲ್ಲಿ ಸಲೀಸು. ಚುವಡು, ಅಂದರೆ ಹೆಜ್ಜೆ, ನೆಲಕ್ಕೆ ಹತ್ತಿರ, ಮೈ ಹಾವಿನ ಹಾಗೆ ಇಳಿದು ಏಳುತ್ತದೆ, ದೂರದಿಂದಲೂ ಗೆರೆ ಕಾಣುತ್ತದೆ. ಥಾಯ್ಲೆಂಡಿನ ಓಂಗ್ ಬಾಕ್ (2003) ಬಂದಾಗ ಟೋನಿ ಜಾ ಮೊಣಕಾಲು ಮೊಣಕೈಗೆ ಜನ ಬಿದ್ದು ಹೋದದ್ದೂ ಅದಕ್ಕೇ. ಮೊಣಕೈ ಬರುವುದು ಕಣ್ಣಿಗೆ ಕಾಣುತ್ತದೆ, ಅದರ ನೋವು ಏನು ಅಂತ ಬಾಗಿಲಿಗೆ ಮೊಣಕೈ ತಾಗಿಸಿಕೊಂಡ ಎಲ್ಲರಿಗೂ ಗೊತ್ತು. ಸ್ಪಿನ್ನಿಂಗ್ ಕಿಕ್ ನೋವು ಯಾರಿಗೆ ಗೊತ್ತಿದೆ ಹೇಳಿ? ಅದಕ್ಕೇ ಯಾರೂ ತುಟಿ ಬಿಚ್ಚಲಿಲ್ಲ. ಒದ್ದೆ ನೆಲದಲ್ಲಿ ಜಾರುವುದು ಎಲ್ಲರಿಗೂ ಗೊತ್ತು, ನಿಮ್ಮತ್ತೆಗೂ ಗೊತ್ತು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಷ್ಟು ಸಲ ಜಾರಿದ್ದಾರೋ.

ಇನ್ನೊಂದು ನನ್ನದೇ ಅನುಭವ. ನನ್ನ ಮೊದಲ ಕಿರುಚಿತ್ರದಲ್ಲಿ ಒಬ್ಬ ಹುಡುಗಿ ಮೂರು ಗಂಡಸರನ್ನು ಹೊಡೆಯುತ್ತಾಳೆ. ನೋಡಿದವರೆಲ್ಲಾ ಚಪ್ಪಾಳೆ ತಟ್ಟಿದರು, ಆಮೇಲೆ ಮರೆತರು. ನನಗೂ ಖುಷಿ ಆಗಲಿಲ್ಲ, ಯಾಕೆ ಅಂತ ಆಗ ತಿಳಿಯಲಿಲ್ಲ. ಎರಡನೆಯದರಲ್ಲಿ ಅದೇ ಹುಡುಗಿ ಲಿಫ್ಟ್ ಒಳಗೆ ಒಬ್ಬನ ಜೊತೆ. ಹೊಡೆಯುವ ಮುಂಚೆ ಅವಳು ಚಪ್ಪಲಿ ಬಿಡುತ್ತಾಳೆ. ಒಂದು ಚಪ್ಪಲಿ ಬಿಟ್ಟು, ಅವನನ್ನು ನೋಡುತ್ತಲೇ ಇನ್ನೊಂದು. ಅಷ್ಟೇ. ನೋಡುತ್ತಿದ್ದ ಹೆಂಗಸರು ಅಲ್ಲಿ ಸೀಟಿನಲ್ಲಿ ನೇರ ಕೂತರು. ಆಮೇಲಿನ ಫೈಟ್ ಬರೀ 20 ಸೆಕೆಂಡ್. ಫೈಟ್ ಏನೂ ಚೆನ್ನಾಗಿರಲಿಲ್ಲ, ಹೇಳಿದೆನಲ್ಲ, ಆದರೆ ಚಪ್ಪಲಿ ಬಗ್ಗೆ ಇವತ್ತಿಗೂ ಮೆಸೇಜ್ ಮಾಡುತ್ತಾರೆ.

ಕೊನೆಗೆ ಬೈಗುಳ. ಒದ್ದೆ ಕಾಂಕ್ರೀಟ್ ನೆಲ, ಮ್ಯಾಟ್ ಇಲ್ಲ, ಪ್ಯಾಂಟ್ ಒಳಗೆ ಮೊಣಕಾಲಿನ ಪ್ಯಾಡ್ ಕೂಡ ಇಲ್ಲ, ಅಲ್ವಾ? ವಿಡಿಯೋದಲ್ಲೇ ಗೊತ್ತಾಗುತ್ತದೆ. ಅವನ ಮಣಿಕಟ್ಟು ಮುರಿಯದೇ ಇದ್ದದ್ದು ಅದೃಷ್ಟ. 2016ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಶೂಟಿಂಗ್ ವೇಳೆ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ಸತ್ತರು. ಅದು ದೊಡ್ಡ ಸಿನಿಮಾ. ಅಲ್ಲೇ ಹಾಗಾಗುತ್ತದೆ ಅಂದಮೇಲೆ ನಾಲ್ಕು ಜನ ಗೆಳೆಯರು ಸೇರಿ ಮಾಡುವಲ್ಲಿ "ನಡೀತದೆ ಬಿಡು" ಅನ್ನುವುದು ಇನ್ನೂ ಸುಲಭ. ಮುಂದಿನ ಸಲ ಮ್ಯಾಟ್ ಇಲ್ಲದೆ ಒಂದು ಶಾಟ್ ಕೂಡ ತೆಗೆಯಬೇಡಿ.

50_ಹರ್ಟ್ಸ್

ನಾನು ಕ್ಯಾಮೆರಾ ಕಡೆಯವನು, ಚಿಕ್ಕದಾಗಿ ಹೇಳಿ ಹೋಗುತ್ತೇನೆ.

ಫೈಟ್ ಉದ್ದಕ್ಕೂ ಕಪ್ಪು ಪಟ್ಟೆ ಮೇಲೆ ಕೆಳಗೆ ಹರಿಯುತ್ತಿದೆ, ಗಮನಿಸಿದ್ದೀರಾ? ಸೆಕೆಂಡಿಗೆ 60 ಫ್ರೇಮ್‌ನಲ್ಲಿ, ಶಟರ್ 1/125 ಸೆಕೆಂಡ್ ಇಟ್ಟು ಶೂಟ್ ಮಾಡಿರುತ್ತೀರಿ. ನಮ್ಮ ಕರೆಂಟ್ 50 ಹರ್ಟ್ಸ್, ಬೇಸ್‌ಮೆಂಟಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ. ಫೈಟ್‌ಗೆ 24 ಫ್ರೇಮ್, 1/100 ಇಡಿ. ಕೈಕಾಲು ಮಸುಕಾಗದೆ ಚೂಪಾಗಿ ಕಾಣುತ್ತದೆ. ಸ್ಪೀಡ್ ಬೇಕೇ ಬೇಕು ಅಂದರೆ 22 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿ, ಯಾರಿಗೂ ಗೊತ್ತಾಗುವುದಿಲ್ಲ. 20ಕ್ಕಿಂತ ಕೆಳಗೆ ಹೋದರೆ ಹಳೇ ಮೂಕಿ ಚಿತ್ರದ ಹಾಗೆ ಕುಣಿಯುತ್ತಾರೆ.

ಹೊಡೆತ ತಾಗದೇ ತಾಗಿದ ಹಾಗೆ ಕಾಣಬೇಕಾದರೆ ಕ್ಯಾಮೆರಾ ಪಕ್ಕದಿಂದ ಇಡಬೇಡಿ. ಹೊಡೆಯುವವನ ಬೆನ್ನ ಹಿಂದೆ, ಭುಜದ ಸಾಲಿನಲ್ಲಿ, ಉದ್ದದ ಲೆನ್ಸ್. ಮುಷ್ಟಿಗೂ ಮುಖಕ್ಕೂ ಒಂದು ಗೇಣು ಜಾಗ ಇದ್ದರೂ ಕಾಣುವುದಿಲ್ಲ. ಮಿಕ್ಕಿದ್ದು ತಿನ್ನುವವನ ರಿಯಾಕ್ಷನ್. ಫೈಟ್ ನಿಂತಿರುವುದು ತಿನ್ನುವವನ ಮೇಲೆ, ಹೊಡೆಯುವವನ ಮೇಲಲ್ಲ. ಜೂನಿಯರ್ ಫೈಟರ್‌ಗಳನ್ನು ಕೇಳಿ ನೋಡಿ, ಅವರೇ ಹೇಳುತ್ತಾರೆ.

ಚೆಂಡೆ_ರಾಜಾಜಿನಗರ

ಎಲ್ಲರೂ ತಾಗಬೇಕು ತಾಗಬೇಕು ಅನ್ನುತ್ತಿದ್ದೀರಿ. ನಮ್ಮ ಊರಿನ ಯಕ್ಷಗಾನದಲ್ಲಿ ಇಡೀ ಕುರುಕ್ಷೇತ್ರ ಮುಗಿಯುತ್ತದೆ ಮಾರಾಯ್ರೇ, ಒಬ್ಬರಿಗೊಬ್ಬರು ನಿಜವಾಗಿ ಹೊಡೆಯುವುದೇ ಇಲ್ಲ! ಬಿಲ್ಲು ಎತ್ತುತ್ತಾರೆ, ಬಾಣ ಹಾರುವುದಿಲ್ಲ. ತೆಂಕುತಿಟ್ಟಿನವರು ಧೀಂಗಿಣ ಅಂತ ಸುತ್ತಿ ಹಾರುತ್ತಾರೆ, ಬಡಗುತಿಟ್ಟಿನವರು ಮಂಡಿಯೂರಿ ತಿರುಗುತ್ತಾರೆ, ಪೆಟ್ಟು ಬೀಳುವುದು ಚೆಂಡೆಯ ಮೇಲೆ. ಕೇಳಿದವನ ಎದೆಗೆ ತಾಗುತ್ತದೆ. ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿದ್ದ ಮಕ್ಕಳು ಬೆಚ್ಚಿ ಎದ್ದು ಕೂರುತ್ತಾರೆ.

ನಿಮ್ಮ ವಿಡಿಯೋದಲ್ಲಿ ಪ್ರತಿ ಏಟಿಗೂ ಒಂದೇ "ಢಿಶುಂ" ಇದೆ, ಇಂಟರ್‌ನೆಟ್ಟಿನಿಂದ ಇಳಿಸಿದ್ದು. ಹೊಟ್ಟೆಗೆ ಹೊಡೆದರೂ ಅದೇ, ಕೆನ್ನೆಗೆ ಹೊಡೆದರೂ ಅದೇ. ನಮ್ಮ ಚೆಂಡೆಯವನು ಹೀಗೆ ಬಾರಿಸಿದರೆ ಭಾಗವತರು ಅಲ್ಲೇ ತಿರುಗಿ ನೋಡುತ್ತಾರೆ, ಆ ನೋಟ ಸಾಕು. ಅವನು ಜಾರಿದಾಗ ಮಾತ್ರ ನೀವು ಶಬ್ದ ಹಾಕಲು ಮರೆತಿದ್ದೀರಿ, ಅಂಗೈ ಒದ್ದೆ ನೆಲಕ್ಕೆ ಬಡಿದ ಒರಿಜಿನಲ್ "ಚಟ್" ಹಾಗೇ ಇದೆ. ಹೆಡ್‌ಫೋನ್ ಹಾಕಿ ಕೇಳಿ.

ಅರೆಬೆಲ್ಟ್_ಗಿರಿನಗರ

ಹೆಡ್‌ಫೋನ್ ಹಾಕಿ ಕೇಳಿದೆ. ನಿಜ. ಚಟ್ ಅಂತ ಇದೆ. ಅದನ್ನು ಎಡಿಟ್ ಮಾಡಿದವನು ನಾನೇ, ಎರಡು ತಿಂಗಳಲ್ಲಿ ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಎರಡು ದಿನ ಇದೇ ಗುಂಗು. ನಿನ್ನೆ ರಾತ್ರಿ ನಾಲ್ಕೂ ಜನ ಡಿವಿಜಿ ರಸ್ತೆ ಹತ್ತಿರ ದೋಸೆ ತಿನ್ನುತ್ತಾ ನಿಮ್ಮ ರಿಪ್ಲೈಗಳನ್ನೆಲ್ಲಾ ಓದಿದೆವು. ಬ್ಲ್ಯಾಕ್ ಬೆಲ್ಟ್ ಇಬ್ಬರಿಗೂ ಸಿಟ್ಟು ಬಂತು, ಕಿಕ್ ತೆಗೆಯಬೇಕಾಗುತ್ತದೆ ಅಂತ. ನನಗೂ ಕರುಳು ಚುರುಕ್ ಅಂದಿತು, ಕಂಬಕ್ಕೆ ಕಾಲು ಕೊಟ್ಟು ತಿರುಗುವುದನ್ನು ಕಲಿಯಲು ಮೂರು ವಾರ ಹಿಡಿದಿತ್ತು. ಆದರೂ ಕತ್ತರಿ_ಮಂಜ ಹೇಳಿದ ಹಾಗೆ ಮ್ಯೂಟ್ ಮಾಡಿ ನೋಡಿದೆವು, ನಮ್ಮದನ್ನೂ, ನಾನು ರಾತ್ರಿ ನೋಡುವ ಆ ಆರು ನಿಮಿಷದ್ದನ್ನೂ, ಒಂದಾದ ಮೇಲೊಂದು. ಅದರಲ್ಲಿ ಮೊದಲ ಏಟು ಬೀಳುವುದು 2 ನಿಮಿಷ 40 ಸೆಕೆಂಡಿಗೆ! ಅಲ್ಲಿಯವರೆಗೆ ಒಬ್ಬ ಟೀ ಕುಡಿಯುತ್ತಾನೆ, ಇನ್ನೊಬ್ಬ ಬಾಗಿಲ ಹತ್ತಿರ ನಿಂತಿರುತ್ತಾನೆ. ನಾನು ಮೂವತ್ತು ಸಲ ನೋಡಿದ್ದೇನೆ, ಶುರುವಿಂದಲೇ ಹೊಡೆದಾಡುತ್ತಾರೆ ಅಂತಾನೇ ತಲೆಯಲ್ಲಿ ಇತ್ತು.

ಹೀಗೆ ತೀರ್ಮಾನ ಮಾಡಿದ್ದೇವೆ. ಫೈಟ್ 3 ನಿಮಿಷದಿಂದ 50 ಸೆಕೆಂಡಿಗೆ. ಜಾರುವ ಶಾಟ್ ಹಾಗೇ ಉಳಿಯುತ್ತದೆ, ಅದರ ಚಟ್ ಸಮೇತ. ಅದಕ್ಕಿಂತ ಮುಂಚೆ ಸಾಲ ಕೇಳಲು ಬಂದವನು ಕೈಗಡಿಯಾರ ಬಿಚ್ಚಿ ಬೈಕ್ ಸೀಟಿನ ಮೇಲೆ ಇಡುತ್ತಾನೆ (ಚಪ್ಪಲಿ ಕದಿಯಲು ಮನಸ್ಸು ಬರಲಿಲ್ಲ ಮೇಡಂ). ಗಡಿಯಾರ ಸಾಲ ತೀರಿಸದವನೇ ಹಿಂದೆ ಕೊಡಿಸಿದ್ದು ಅಂತ ಮೊದಲೇ ಒಂದು ಮಾತಿದೆ, ಅದನ್ನು ಬರೆದಿದ್ದೆವು, ಎಲ್ಲೂ ಉಪಯೋಗಿಸಿರಲಿಲ್ಲ. ಕೊನೆಯ ಡೈಲಾಗ್ ತೆಗೆದಿದ್ದೇವೆ. ಇಬ್ಬರೂ ಕಾರಿಗೆ ಒರಗಿ ಉಸಿರು ಬಿಡುತ್ತಾರೆ ಅಷ್ಟೇ. ಯಾರು ಗೆದ್ದರು ಅನ್ನುವುದರ ಬಗ್ಗೆ ನಮ್ಮಲ್ಲೇ ಜಗಳ ನಡೆಯುತ್ತಿದೆ.

ಒಂದು ಕಿಕ್ ಇಟ್ಟುಕೊಂಡಿದ್ದೇವೆ. ಒಂದೇ. ಅದು ತಪ್ಪಿ ಕಂಬಕ್ಕೆ ತಾಗುತ್ತದೆ.

ಭಾನುವಾರ ಬೆಳಗ್ಗೆ ಆರಕ್ಕೆ ರೀಶೂಟ್, ಎಂಟರೊಳಗೆ ಮುಗಿಯಬೇಕು, ಆಮೇಲೆ ಕಾರುಗಳು ಓಡಾಡುತ್ತವೆ. ವಾಚ್‌ಮನ್‌ಗೂ ಅಸೋಸಿಯೇಷನ್ ಸೆಕ್ರೆಟರಿಗೂ ಹೇಳಿಯಾಗಿದೆ. ಯಾರ ಹತ್ತಿರವಾದರೂ ದಪ್ಪ ಮ್ಯಾಟ್ ಇದ್ದರೆ ಅರ್ಧ ದಿನಕ್ಕೆ ಕೊಡುತ್ತೀರಾ? ಬಾಡಿಗೆ ಕೊಡುತ್ತೇವೆ.

ಚುವಡು_ಜಯನಗರ

ನಮ್ಮ ಕ್ಲಾಸಿನಲ್ಲಿ ನಾಲ್ಕು ಇವೆ, ನಾಲ್ಕು ಇಂಚು ದಪ್ಪ. ಬಾಡಿಗೆ ಬೇಡ, ಒರೆಸಿ ಒಣಗಿಸಿ ವಾಪಸ್ ಕೊಟ್ಟರೆ ಸಾಕು. ಆಟೋದಲ್ಲಿ ಹಿಡಿಸುವುದಿಲ್ಲ, ಗೂಡ್ಸ್ ಆಟೋ ತನ್ನಿ. ಶನಿವಾರ ಸಂಜೆ ಏಳರ ಬ್ಯಾಚ್ ಮುಗಿದ ಮೇಲೆ ಬನ್ನಿ.

ಮಟ್ಟಿ_ಮಣ್ಣು

ಆರಕ್ಕೆ ನಾನೂ ಬರಬಹುದೇ ತಮ್ಮಾ? ಸುಮ್ಮನೆ ಒಂದು ಕಡೆ ಕೂತಿರುತ್ತೇನೆ. ನಾಲ್ಕು ಗಂಟೆಗೇ ಎಚ್ಚರ ಆಗುತ್ತದೆ ನನಗೆ ಹೇಗಿದ್ದರೂ.

ಅರೆಬೆಲ್ಟ್_ಗಿರಿನಗರ

ಬನ್ನಿ ಸರ್. ಲೊಕೇಶನ್ ಕಳಿಸುತ್ತೇನೆ. ಅಮ್ಮ ಇಡ್ಲಿ ಮಾಡಿ ಕೊಡುತ್ತಾರೆ.